ಚಿಂದಿಯ ಕೆಳಗಿನ ವಾಶರು

ಚಿಂದಿಯನ್ನು ಎತ್ತಿದಾಗ ಅದರ ಕೆಳಗೆ ಹೊಸ ವಾಶರು ಇತ್ತು. ಕೆಂಪು ಫೈಬರಿನ ತೆಳ್ಳಗಿನ ಚಕ್ರ, ನಡುವೆ ತೂತು, ಅಂಚು ಇನ್ನೂ ಮಾಸಿರಲಿಲ್ಲ. ಮುಂಬಯಿಯಿಂದ ಅಂಚೆಯಲ್ಲಿ ಬಂದ ಪುಡಿಕೆಯನ್ನು ಬೆಳಿಗ್ಗೆ ಒಡೆದು ಅದನ್ನು ಮೇಜಿನ ಮೇಲೆ ತೆಗೆದಿಟ್ಟದ್ದು ಕಾಮಣ್ಣನಿಗೆ ಚೆನ್ನಾಗಿ ನೆನಪಿತ್ತು. ತೆಗೆದಿಟ್ಟದ್ದು ಮಾತ್ರ. ಹಾಕಿದ್ದು ನೆನಪಿರಲಿಲ್ಲ, ಹಾಕಿದ್ದರೆ ಅದು ಇಲ್ಲಿರುತ್ತಲೂ ಇರಲಿಲ್ಲ. ಕೃಷ್ಣಾಜಿ ಮಾಸ್ತರರ ಮೋಟರ್‌ಸೈಕಲ್ಲಿನ ಕಾರ್ಬುರೇಟರನ್ನು ಬಿಚ್ಚಿ, ತೊಳೆದು, ಸವೆದ ಸಾಮಾನುಗಳನ್ನೆಲ್ಲ ಬದಲಿಸಿ ಕೂಡಿಸಿ ಕೊಟ್ಟವನು ಅವನೇ. ಟಾಕಿಯಿಂದ ಇಳಿದು ಬರುವ ಪೆಟ್ರೋಲು ಕಾರ್ಬುರೇಟರಿನ ಬಟ್ಟಲನ್ನು ಸೇರುವ ಸಂದಿನಲ್ಲಿ ಈ ವಾಶರು ಕೂಡಬೇಕು. ಇಲ್ಲವಾದರೆ ಪೆಟ್ರೋಲು ಹನಿಹನಿಯಾಗಿ ಜಿನುಗಿ ಕಾದ ಎಂಜಿನ್ನಿನ ಮಗ್ಗುಲಿಗೆ ಬೀಳುತ್ತದೆ. ಒಂದು ಕಿಡಿ ಸಾಕು. ಮಾಸ್ತರರು ಊಟದ ಹೊತ್ತಿಗಿಂತ ಮುಂಚೆಯೇ ಬನಹಟ್ಟಿ ಬಿಟ್ಟು ಜಮಖಂಡಿಯ ದಾರಿ ಹಿಡಿದಿದ್ದರು. ಹಿಂದಿನ ಸೀಟಿನಲ್ಲಿ ಹೆಂಡತಿ ಕುಮುದಿನಿಬಾಯಿ. ಮುಂದೆ, ಪೆಟ್ರೋಲಿನ ಟಾಕಿಯ ಮೇಲೆ, ಪುಟ್ಟ ಕೈಗಳಿಂದ ಹ್ಯಾಂಡಲ್ಲು ಹಿಡಿದುಕೊಂಡು ಮಗಳು ಶುಭದಾ. ಟಾಕಿಯ ಮೇಲೆ ಟಾವೆಲ್ ಮಡಿಚಿ ಹಾಸಿ ಆ ಹುಡುಗಿಯನ್ನು ಎತ್ತಿ ಕೂಡಿಸಿದವನೂ ಕಾಮಣ್ಣನೇ. ಕೂಡಿಸುವಾಗ ಎಡಗೈಯ ಎಬ್ಬೆರಳು ಚುರ್ ಎಂದಿತ್ತು. ಉಗುರಿನ ಮಗ್ಗುಲಲ್ಲಿ ಹೊಸ ಗಾಯ. ಯಾವಾಗ ಆಯಿತೋ, ಯಾತರಿಂದ ಆಯಿತೋ. ಗ್ಯಾರೇಜಿನಲ್ಲಿ ಗಾಯಗಳಿಗೆ ಯಾರು ಲೆಕ್ಕ ಇಡುತ್ತಾರೆ.

ಗ್ಯಾರೇಜಿನ ಮಾಲಕ ಗೂಳಪ್ಪ ಊಟ ಮುಗಿಸಿ ಬಾಗಿಲ ಬಳಿ ಹೊರಸಿನ ಮೇಲೆ ಅಡ್ಡಾಗಿದ್ದ. ಕಣ್ಣು ಮುಚ್ಚಿದ್ದರೂ ಕಿವಿ ಎಚ್ಚರವಿತ್ತು.

"ಗೂಳಪ್ಪಣ್ಣಾ, ಮಾಸ್ತರ ಗಾಡೀದು ವಾಯ್ಸರ ಇಲ್ಲೇ ಉಳದೈತಿ."

"ಹೆಚ್ಚಿಂದು ಇರಬೇಕೋ."

"ಬಂದದ್ದ ಒಂದು."

"ಹಂಗಾರ ಹಳೇದನ್ನ ತಿರುಗಿ ಹಾಕೀದಿ. ಹಳೇದೂ ವಾಯ್ಸರ ಹೌದಲ್ಲ?"

"ಹಳೇದು ಸೀಳಿತ್ತು."

"ಸೀಳಿದ್ದು ಹಾಕಿದ್ರ ಇಲ್ಲೇ ಸೋರ್ತಿತ್ತು. ಚಾಲೂ ಮಾಡಿ ತೋರಿಸಿದೆಲ್ಲೋ."

"ನಿಂತಾಗ ತಡಕೊಂಡಿರತೈತಿ. ರಸ್ತೇದಾಗ ಕುಣದ ಮ್ಯಾಲೆ ಸೋರತೈತಿ. ಮುಂದ ಕೂಸು ಕುಂತೈತಣ್ಣಾ."

ಗೂಳಪ್ಪ ಒಂದು ಕಣ್ಣು ತೆರೆದ. "ನಿಂದು ರೋಗಲೇ ಕಾಮ್ಯಾ. ಕೀಲಿ ಹಾಕಿ ಮನಿತನಕಾ ಹೋಗಿ, ಹಾಕೇನೋ ಇಲ್ಲೋ ಅಂತ ತಿರುಗಿ ಬರಾಂವ ನೀ. ಆ ಸಂಜೀ ಸಾಲೀಗೆ ಹೋಗಿ ಓದಿ ಓದಿ ನಿನ್ನ ತಲಿ ಸೋರಾಕತ್ತೈತಿ. ಮೊದಲ ಅದಕ್ಕೊಂದು ವಾಯ್ಸರ ಹಾಕು." ಎಂದು ಮಗ್ಗುಲು ಬದಲಿಸಿದ. ಆಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡೇ, "ಹೋಗೂದಿದ್ರ ನನ್ನ ಸೈಕಲ್ ಒಯ್ಯಿ. ನಿಂದು ಬ್ರೇಕ್ ಹಿಡ್ಯೂದಿಲ್ಲ" ಎಂದ.

ಗೂಳಪ್ಪನ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಬದಲಿಸಿದ ಸಾಮಾನನ್ನು ಎಸೆಯುವಂತಿಲ್ಲ. ಮಗ್ಗದವರು ಕತ್ತರಿಸಿ ಬಿಟ್ಟ ಬಟ್ಟೆಯ ತುಣುಕಿನಲ್ಲಿ ಗಂಟು ಕಟ್ಟಿ ಗಾಡಿಯ ಮಾಲಕನ ಕೈಗೆ ಕೊಡಬೇಕು. ಹಳೆಯದು ಕೈಗೆ ಬಂದರೆ ಹೊಸದು ಗಾಡಿಗೆ ಹೋದಂತೆ. ಮುಂದೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಬೆಳಿಗ್ಗೆಯೂ ಕಾಮಣ್ಣ ಗಂಟು ಕಟ್ಟಿದ್ದ, ಮಾಸ್ತರರು ಅದನ್ನು ಬಿಚ್ಚಿ ನೋಡದೆ ಗಾಡಿಯ ಚೀಲಕ್ಕೆ ಹಾಕಿಕೊಂಡಿದ್ದರು. ಆದರೆ ಗಂಟಿನೊಳಗೆ ಏನಿತ್ತು? ಕಾರ್ಬುರೇಟರಿನ ಸವೆದ ಸೂಜಿ ಇತ್ತು. ಸೀಳಿದ ವಾಶರು ಇತ್ತೇ? ಕಣ್ಣು ಮುಚ್ಚಿದರೆ ಗಂಟು ಕಾಣುತ್ತಿತ್ತು, ಆದರೆ ಅದು ಇವತ್ತಿನ ಗಂಟೋ ಮೊನ್ನೆಯ ಗಂಟೋ ತಿಳಿಯುತ್ತಿರಲಿಲ್ಲ. ದಿನಾ ಮಾಡುವ ಕೆಲಸಕ್ಕೆ ನೆನಪೇ ಇರುವುದಿಲ್ಲ. ಒಂದರ ಮೇಲೊಂದು ಕೂತು ಎಲ್ಲ ಒಂದೇ ಆಗಿಬಿಡುತ್ತವೆ. ಸೀಳಿದ್ದು ಗಂಟಿನಲ್ಲಿ ಇಲ್ಲದಿದ್ದರೆ ಗಾಡಿಯಲ್ಲಿದೆ. ಗಂಟಿನಲ್ಲಿದ್ದರೆ ಗಾಡಿಯಲ್ಲಿ ಏನೂ ಇಲ್ಲ. ಯಾವುದು ಕೆಟ್ಟದ್ದೆಂದು ಯೋಚಿಸುತ್ತಲೇ ಅವನು ನಟ್ಟು ಬಿಚ್ಚುವ ಪಾನಾ, ಚಿಂದಿ, ಸೀಸೆಯಲ್ಲಿ ಸ್ವಲ್ಪ ಪೆಟ್ರೋಲು ಎಲ್ಲವನ್ನೂ ಕೈಚೀಲಕ್ಕೆ ಹಾಕಿ, ಹೊಸ ವಾಶರನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಗೂಳಪ್ಪನ ಸೈಕಲ್ಲು ಹತ್ತಿದ.

ಮಗ್ಗಗಳ ಓಣಿ ದಾಟುವವರೆಗೂ ಖಟಕ್ ಖಟಕ್ ಸದ್ದು ಅವನ ಬೆನ್ನು ಹತ್ತಿತ್ತು. ಊರ ಹೊರಗೆ ಬಂದದ್ದೇ ಸುತ್ತ ಸದ್ದಿಲ್ಲದಂತಾಗಿ ತಲೆಯೊಳಗಿನ ಸದ್ದು ಕೇಳತೊಡಗಿತು. ಬೆಳಿಗ್ಗೆ ಕಾರ್ಬುರೇಟರು ಕೈಯಲ್ಲಿದ್ದಾಗ ತಾನು ಏನು ಯೋಚಿಸುತ್ತಿದ್ದೆ ಎಂಬುದು ಅವನಿಗೆ ಅಕ್ಷರ ಅಕ್ಷರವಾಗಿ ನೆನಪಿತ್ತು, ಅದೇ ಭಯ. ಕೃಷ್ಣಾಜಿಯವರು ಹಗಲು ನೇಕಾರರ ಸೊಸೈಟಿಗಳ ತಪಾಸಣೆ ಮಾಡುವ ಅಧಿಕಾರಿ. ಸಂಜೆ ಒಂದು ಕಾಸೂ ತೆಗೆದುಕೊಳ್ಳದೆ ಮಗ್ಗದ ಹುಡುಗರಿಗೆ, ಅಂಗಡಿಯ ಗುಮಾಸ್ತರಿಗೆ ಇಂಗ್ಲಿಷು ಕಲಿಸುತ್ತಿದ್ದರು. ಅದಕ್ಕೇ ಊರಿಗೆಲ್ಲ ಮಾಸ್ತರರು. ನಿನ್ನೆ ಪಾಠದ ನಡುವೆ ಅವರು ಕಾಮಣ್ಣನ ಮಗ್ಗುಲಲ್ಲಿ ಬಂದು ನಿಂತು, ಮೂಗು ಏರಿಸಿ, "ಆ ಕಿಡಕಿ ತೆಗೀರಿ. ಯಾರೋ ಪೆಟ್ರೋಲ್ ಪಂಪನ್ನ ಸಾಲೀಗೇ ಕರಕೊಂಡು ಬಂದಾರ" ಎಂದಿದ್ದರು. ಎಲ್ಲರೂ ನಕ್ಕರು. ಅವನೂ ನಕ್ಕ. ನಕ್ಕದ್ದೇ ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿತ್ತು. ಸಾಲೆಗೆ ಹೋಗುವ ಮುಂಚೆ ಸೋಡಾ ಹಾಕಿ ಮೊಳಕೈಯವರೆಗೆ ತಿಕ್ಕಿ ತೊಳೆದುಕೊಂಡಿದ್ದ, ಬೇರೆ ಅಂಗಿ ಹಾಕಿಕೊಂಡಿದ್ದ. ಮನೆಗೆ ಬಂದಾಗ ಅವ್ವ ಯಂಕವ್ವ ಮುಖ ನೋಡಿ ಬಾಯಿ ಬಿಡಿಸಿದಳು, ಕೇಳಿ ಅವಳೂ ನಕ್ಕಳು. "ಮಗ್ಗದ ಎಣ್ಣಿ ನಾರತೈತಿ ಒಲ್ಲೆ ಅಂದಿ. ಈಗ ಪೆಟ್ರೋಲ್ ನಾರತೀ. ನಾರೂದು ತಪ್ಪಲಿಲ್ಲ ನೋಡು ನಿನಗ." ಬೆಳಿಗ್ಗೆ ಕೆಲಸಕ್ಕೆ ಕೂತವನ ಕೈಗಳು ಬಿಚ್ಚುತ್ತಿದ್ದವು, ತೊಳೆಯುತ್ತಿದ್ದವು. ಅವನು ಮಾತ್ರ ಮಾಸ್ತರರಿಗೆ ಉತ್ತರ ಕಟ್ಟುತ್ತಿದ್ದ. ಈ ವಾಸನಿ ಇಲ್ಲಂದ್ರ ನಿಮ್ಮ ಗಾಡಿ ಓಡೂದಿಲ್ರಿ. ಅಲ್ಲ, ಇದು ಸೊಕ್ಕಿನ ಮಾತಾಯಿತು. ಕಿಡಕಿ ಯಾಕ್ರಿ, ನಾನ ಹೊರಗ ಹೋಗತೇನಿ ಬಿಡ್ರಿ. ಇದು ಅಳುಬುರುಕನ ಮಾತಾಯಿತು. ಆ ಉತ್ತರಗಳೆಲ್ಲ ಈಗಲೂ ನಾಲಗೆಯ ಮೇಲಿದ್ದವು. ಕೈ ಏನು ಮಾಡಿತು ಎಂಬುದೊಂದೇ ಇರಲಿಲ್ಲ.

ಹಾಗಾದರೆ ಮರೆತೆನೋ, ಬಿಟ್ಟೆನೋ? ಈ ಪ್ರಶ್ನೆ ಅವನಿಗೆ ಪೆಡಲು ತುಳಿಯುತ್ತಿರುವಾಗಲೇ ಬಂತು, ಬಂದದ್ದೇ ಕಾಲು ನಿಂತಿತು. ಮರೆಯುವುದು ಮನುಷ್ಯರು ಮಾಡುವ ಕೆಲಸ. ಆದರೆ ಒಬ್ಬ ಮನುಷ್ಯ ನಕ್ಕ ಬಾಯಿಯಿಂದಲೇ ಒಳಗೊಳಗೆ ಹಲ್ಲು ಕಡಿಯುತ್ತ ಕೂತಿದ್ದಾಗ ಅವನ ಕೈ ಒಂದು ವಾಶರನ್ನು ಮೇಜಿನ ಮೇಲೆ ಬಿಟ್ಟು, ಅದು ಕಾಣದ ಹಾಗೆ ಮೇಲೆ ಚಿಂದಿ ಎಳೆದರೆ, ಅದಕ್ಕೆ ಮರೆವು ಎನ್ನುತ್ತಾರೆಯೇ? ಚಿಂದಿ ತಾನಾಗಿ ಬಂದು ಕೂತಿತೇ? ಕೂಸನ್ನು ಟಾಕಿಯ ಮೇಲೆ ಕೂಡಿಸುವಾಗ ಅದರ ಕಾಲಿನ ಕಾಲ್ಗಡಗ ಕಾರ್ಬುರೇಟರಿನ ಕಡೆಗೇ ಜೋತುಬಿದ್ದಿತ್ತು. ಆಗಲಾದರೂ ಅವನಿಗೆ ಏನಾದರೂ ಹೊಳೆಯಬೇಕಿತ್ತು. ಹೊಳೆದಿರಲಿಲ್ಲ. ಶುಭದಾ ಅವನ ಕೊರಳಿಗೆ ಕೈ ಹಾಕಿ, "ಜೋರ್ ಓಡಿಸು ಅಂತ ಬಾಬಾಗ ಹೇಳು" ಎಂದಿದ್ದಳು. ಅವನು ಮಾಸ್ತರರಿಗೆ ಹೇಳಿಯೂ ಇದ್ದ.

ರಸ್ತೆಯ ಎರಡೂ ಕಡೆ ಎರೆಯ ಹೊಲಗಳಲ್ಲಿ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ನಡುನಡುವೆ ಎಳೆಯ ತೆನೆ ಸುಟ್ಟು ಸೀತನಿ ಮಾಡುವ ಹೊಗೆ ಏಳುತ್ತಿತ್ತು. ದೂರದಲ್ಲಿ ಹೊಗೆ ಕಂಡಾಗಲೆಲ್ಲ ಕಾಮಣ್ಣ ಇನ್ನೂ ಜೋರಾಗಿ ತುಳಿಯುತ್ತಿದ್ದ. ಹತ್ತಿರ ಹೋದರೆ ತೆನೆ ತಿಕ್ಕುತ್ತ ಕೂತ ಹೆಂಗಸರು. ಒಂದು ಕಡೆ ಧೂಳಿನಲ್ಲಿ ಕಪ್ಪು ಕಲೆ ಕಂಡಿತು. ಸೈಕಲ್ಲು ಕೆಡವಿ, ಮೊಳಕಾಲೂರಿ ಕೂತು, ಮೂಗನ್ನು ನೆಲಕ್ಕೆ ತಂದು ಮೂಸಿದ. ಚಕ್ಕಡಿಯ ಕೀಲೆಣ್ಣೆ. ಏಳುವ ಮುಂಚೆ ಕಣ್ಣೆದುರಿಗೆ ಎರಡು ಬೂಟು ಬಂದು ನಿಂತವು.

"ಏನ ಮೂಸಾಕತ್ತೀಯೋ? ಆ ಕೆಲಸ ಸರಕಾರ ನನಗ ಕೊಟ್ಟೈತಿ."

ಪೊಲೀಸ ಗಿರಿಮಲ್ಲಪ್ಪ. ದಾರೂಬಂದಿಯ ಕಾನೂನು ಬಂದಾಗಿನಿಂದ ರಸ್ತೆಯ ಮಗ್ಗುಲಿನ ಬೇವಿನ ಮರದ ಕೆಳಗೆ ಕೂತು ಹೋಗಿ ಬರುವವರ ಚೀಲ ನೋಡುವುದು ಅವನ ನೌಕರಿ. ಒಂದು ಕೈಯಲ್ಲಿ ಸೀತನಿ ಇತ್ತು. ಇನ್ನೊಂದು ಕೈಯಿಂದ ಕಾಮಣ್ಣನ ಚೀಲ ಬಿಚ್ಚಿ ಸೀಸೆಯನ್ನು ಎತ್ತಿ ಬಿಸಿಲಿಗೆ ಹಿಡಿದ, ಬಿರಡೆ ತೆಗೆದು ಮೂಸಿ, ತಟ್ಟನೆ ಮುಖ ಹಿಂಡಿದ. "ಇದನ್ನೂ ಕುಡ್ಯಾಕ ಸುರು ಮಾಡೀರೇನೋ ಬನಹಟ್ಟ್ಯಾಗ?"

"ಪೆಟ್ರೋಲ್ ರೀ. ನಾ ಗ್ಯಾರೇಜಿನಾಂವ. ಒಂದ್ ಮೋಟರ್‌ಸೈಕಲ್ ಹೋತೇನ್ರಿ ಈ ಕಡೆ? ಮುಂದೊಂದು ಹುಡುಗಿ, ಹಿಂದ ಬಾಯಾರು?"

"ಹೋತಲ್ಲ. ಬಾಯಾರು ಸೆರಗ ಕಿವಿಗೆ ಸುತಗೊಂಡಿದ್ರು. ಹುಡುಗಿ ನನಗ ಸಲಾಮ್ ಹೊಡೀತು." ಅವನು ನಕ್ಕು, ಸೀತನಿಯನ್ನು ಕಾಮಣ್ಣನ ಕಡೆ ಚಾಚಿದ. "ತಗೋ. ಯಾಕ, ಮಾರಿ ಹಿಂಗ್ಯಾಕ ಆಗೈತಿ? ಏನಾರ ಕದ್ದಾರೇನು?"

"ಇಲ್ರಿ. ನಾನ ಒಂದು ಸಾಮಾನ ಬಿಟ್ಟ ಕಳಿಸೇನಿ." ಬಿಟ್ಟು ಎಂಬ ಮಾತು ಬಾಯಿಂದ ಬಂದದ್ದು ಕೇಳಿ ಕಾಮಣ್ಣನೇ ಬೆಚ್ಚಿದ. ಮರೆತು ಎನ್ನಬೇಕಿತ್ತು.

ಸೀತನಿಯನ್ನು ಬಾಯಿಗೆ ಹಾಕಿಕೊಂಡೇ ಮತ್ತೆ ಸೈಕಲ್ಲು ಏರಿದ. ಇಷ್ಟು ದೂರದವರೆಗೆ ಬಂದಿದ್ದಾರೆ, ಮುಂದೆ ಏರು. ಏರಿನಲ್ಲಿ ಎಂಜಿನ್ನು ಕಾಯುತ್ತದೆ. ಅವನು ಇಳಿದು ಸೈಕಲ್ಲು ನೂಕಿದ. ಬೆವರು ಎಬ್ಬೆರಳಿನ ಗಾಯಕ್ಕೆ ಇಳಿದು ಉರಿಯಿತು. ಉರಿದಾಗ ಯಾಕೋ ಅಪ್ಪ ನೆನಪಾದ. ಅಪ್ಪ ಬಸಗೊಂಡಪ್ಪನ ಎಡ ಎಬ್ಬೆರಳ ತುಂಬ ಇಂಥ ಗೀರುಗಳು. ಮಗ್ಗದಲ್ಲಿ ಲಾಳಿಯನ್ನು ಹೊಡೆದು ಓಡಿಸುವ ಎಮ್ಮೆಯ ಚರ್ಮದ ತುಂಡಿಗೆ ಪಿಕ್ಕರ್ ಎನ್ನುತ್ತಾರೆ. ಅದನ್ನು ತಿಂಗಳುಗಟ್ಟಲೆ ಹರಳೆಣ್ಣೆಯಲ್ಲಿ ನೆನೆಸಿಟ್ಟು, ಕುಣಿಮಗ್ಗದ ದಂಡೆಗೆ ಕೂತು ಸಣ್ಣ ಚೂರಿಯಿಂದ ಅಪ್ಪ ಕೊಯ್ಯುತ್ತಿದ್ದ. ಅಳತೆಗೆ ಕಡ್ಡಿಯಿಲ್ಲ, ಗೆರೆಯಿಲ್ಲ. ಚೂರಿ ಎಲ್ಲಿ ನಿಲ್ಲಬೇಕೋ ಅಲ್ಲಿ ಎಬ್ಬೆರಳು ಅಡ್ಡ. ಬೆರಳಿಗೆ ತಾಗಿದರೆ ಅಳತೆ ಸರಿಯಾಯಿತು ಎನ್ನುತ್ತಿದ್ದ. ಹನ್ನೆರಡರ ಹುಡುಗ ಕಾಮಣ್ಣ ಮೂಗು ಮುಚ್ಚಿಕೊಂಡು ನೋಡುತ್ತಿದ್ದ. ಆ ಕುಣಿಗೆ ನಾನು ಇಳಿಯುವುದಿಲ್ಲ ಎಂದು ಒಂದು ದಿನ ಹೇಳಿದಾಗ ಅಪ್ಪ ಚೂರಿಯನ್ನು ಒರೆಸುತ್ತ, "ಆತು ಬಿಡು" ಎಂದನಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಹೋಗಿ, ಮಗ್ಗವನ್ನು ಮಾರಿದ ಮೇಲೆ ಆ ಚೂರಿ ಮತ್ತು ಕೆಲವು ಹಳೆ ಪಿಕ್ಕರುಗಳು ಕಾಮಣ್ಣನ ಸಾಮಾನಿನ ಪೆಟ್ಟಿಗೆಯ ತಳ ಸೇರಿದ್ದವು.

ಜಮಖಂಡಿಯಲ್ಲಿ ಕುಮುದಿನಿಬಾಯಿಯವರ ತವರುಮನೆ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ನಾಳೆ ಅಲ್ಲಿ ಮುಂಜಿವೆ. ಅಂಗಳದ ತುಂಬ ಚಪ್ಪರ. ಚಪ್ಪರದ ಅಂಚಿಗೆ ಮೋಟರ್‌ಸೈಕಲ್ಲು ನಿಂತಿತ್ತು. ಅದರ ಟಾಕಿಯ ಮೇಲೆ ಶುಭದಾ ಕೂತು, ಬಾಯಿಂದ ಗುರ್ ಗುರ್ ಮಾಡುತ್ತ, ನಿಂತ ಗಾಡಿಯನ್ನೇ ಓಡಿಸುತ್ತಿದ್ದಳು. ಕಾಮಣ್ಣ ಬಾಗಿಲ ಕಂಬ ಹಿಡಿದುಕೊಂಡ. ಇದ್ದಾಳೆ. ಗುರ್ ಎನ್ನುತ್ತಿದ್ದಾಳೆ. ಇಲ್ಲಿಂದಲೇ ತಿರುಗಿ ಹೋಗಿಬಿಡಬಹುದು, ಯಾರೂ ನೋಡಿಲ್ಲ. ಆದರೆ ಇವರು ನಾಡಿದ್ದು ಇದೇ ಗಾಡಿಯ ಮೇಲೆ ತಿರುಗಿ ಬರುತ್ತಾರೆ. ಅವನು ಕಳ್ಳನ ಹಾಗೆ ಹೋಗಿ ಬಗ್ಗಿ, ಕಾರ್ಬುರೇಟರಿನ ಕೆಳಗೆ ಬೆರಳಾಡಿಸಿದ. ಒಣಗಿತ್ತು. ಆದರೆ ಒಣಗಿದ ಬೆರಳನ್ನು ನಂಬುವ ಮನಸ್ಸು ಅವನದಲ್ಲ. ಕಾದ ಎಂಜಿನ್ನಿನ ಮೇಲೆ ಪೆಟ್ರೋಲು ಆರಿಹೋಗುತ್ತದೆ.

"ಯಾರೋ ಅದು? ಕಾಮಣ್ಣಾ? ಇಲ್ಲಿ ಏನ ಮಾಡ್ಲಿಕ್ಕತ್ತೀ?" ಮಾಸ್ತರರು ಮಡಿಕೆ ಮುರಿಯದ ಧೋತರ ಉಟ್ಟು, ಅಡಕೊತ್ತು ಕೈಯಲ್ಲಿ ಹಿಡಿದು ಬಂದರು. ಹಿಂದೆಯೇ ಇನ್ನೂ ನಾಲ್ಕೈದು ಮಂದಿ ಬೀಗರು.

ಕಾಮಣ್ಣ ಎದ್ದು ನಿಂತ. "ಹೊಸಾ ವಾಯ್ಸರ ಹಾಕಿಲ್ರಿ ನಾ" ಎಂದು ಅದನ್ನು ಕಿಸೆಯಿಂದ ತೆಗೆದು ಅಂಗೈಯಲ್ಲಿಟ್ಟು ತೋರಿಸಿದ.

"ಇಷ್ಟ ತೋರಸ್ಲಿಕ್ಕೆ ಸೈಕಲ್ ತುಳಕೋತ ಬಂದೇನು?" ಒಬ್ಬ ಬೀಗರು ನಕ್ಕರು. "ಕೃಷ್ಣಾಜಿ, ನಿಮ್ಮ ಶಿಷ್ಯಾ ಅಂದ್ರ ಹಿಂಗಿರಬೇಕು."

ಮಾಸ್ತರರು ನಗಲಿಲ್ಲ. ಗಾಡಿಯ ಚೀಲದಿಂದ ಗಂಟು ತೆಗೆದು ಬಿಚ್ಚಿದರು. ಸವೆದ ಸೂಜಿ, ಅದರ ಜೊತೆಗೆ ಅರ್ಧದವರೆಗೆ ಸೀಳಿದ ಹಳೆ ವಾಶರು. ಅವರು ಅದನ್ನು ನೋಡಿದರು, ಅಂಗೈಯಲ್ಲಿದ್ದ ಹೊಸದನ್ನು ನೋಡಿದರು, ಆಮೇಲೆ ಟಾಕಿಯ ಮೇಲೆ ಕೂತ ಮಗಳನ್ನು ನೋಡಿದರು. "ಹಳೇದು ಇಲ್ಲಿ ಅದ, ಹೊಸಾದು ನಿನ್ನ ಕೈಯಾಗ ಅದ. ಹಂಗಾದ್ರ ಒಳಗ ಏನದನೋ?" ಎಂದು ಸಣ್ಣ ದನಿಯಲ್ಲಿ ಕೇಳಿ, ಉತ್ತರ ಕಾಯದೆ ಹುಡುಗಿಯನ್ನು ಎತ್ತಿ ಕೆಳಗಿಳಿಸಿದರು.

ಆ ಎತ್ತಿ ಇಳಿಸುವುದನ್ನು ನೋಡುವುದು ಕಾಮಣ್ಣನಿಗೆ ಆಗಲಿಲ್ಲ. ಟಾಕಿಯಿಂದ ಪೆಟ್ರೋಲು ಬಿಡುವ ಚಾವಿ ಬಂದ್ ಮಾಡಿ ಪಾನಾ ಹಾಕಿದ. ಪಾನಾ ಎರಡು ಸಲ ಜಾರಿತು. ಬೀಗರು ಸುತ್ತ ನಿಂತಿದ್ದರು. ಅಡಿಗೆಮನೆಯಿಂದ ಹೆಂಗಸರೂ ಬಂದು ಇಣುಕುತ್ತಿದ್ದರು, ಕುಮುದಿನಿಬಾಯಿ ಮಗಳನ್ನು ತಮ್ಮ ಸೆರಗಿನೊಳಗೆ ಎಳೆದುಕೊಂಡಿದ್ದರು. ನಟ್ಟು ಸಡಿಲಾಯಿತು, ಬಟ್ಟಲಲ್ಲಿ ಉಳಿದಿದ್ದ ಪೆಟ್ರೋಲು ಅವನ ಎಡಗೈ ಮೇಲೆ ಸುರಿದು ಎಬ್ಬೆರಳು ಉರಿದು ಕಣ್ಣಲ್ಲಿ ನೀರು ಬಂತು. ಆ ನೀರಿನ ನಡುವೆಯೇ ಅವನು ಕಂಡ. ಸಂದು ಬರಿದಾಗಿರಲಿಲ್ಲ. ಕಂದು ಬಣ್ಣದ ವಾಶರೊಂದು, ತನ್ನ ಜಾಗದಲ್ಲಿ, ಬೆಣ್ಣೆಯಲ್ಲಿ ಒತ್ತಿದ ಹಾಗೆ ಕೂತಿತ್ತು. ಉಗುರಿನಿಂದ ಎಬ್ಬಿಸಿದ. ಮೆತ್ತಗಿತ್ತು. ಒಳಗಿನ ಅಂಚು ನುಣುಪು, ಹೊರಗಿನ ಅಂಚಿನಲ್ಲಿ ಚೂರಿ ಒಂದಿಷ್ಟು ತಡವರಿಸಿದ ಗುರುತು, ಗುರುತಿನ ಮೇಲೆ ಒಣಗಿದ ರಕ್ತದ ಚುಕ್ಕೆ. ಯಾರದೆಂದು ಕೇಳಬೇಕಾಗಿರಲಿಲ್ಲ. ಎಬ್ಬೆರಳು ಹೇಳುತ್ತಿತ್ತು.

"ಏನೋ ಇದು?" ಮಾಸ್ತರರು ಅದನ್ನು ಇಸಿದುಕೊಂಡು ಮೂಗಿನ ಹತ್ತಿರ ಹಿಡಿದರು. "ಹರಳೆಣ್ಣಿ ವಾಸನಿ ಬರ್ತದಲ್ಲ."

"ಚರ್ಮ ರೀ. ಪಿಕ್ಕರಿಂದು."

"ಅಯ್ಯಽ, ಎಮ್ಮೀ ಚರ್ಮನ?" ಹಿಂದೆ ನಿಂತ ಒಬ್ಬ ಮುದುಕಿ ಕೂಗಿದರು. "ಮುಂಜಿವಿ ಚಪ್ಪರ ಇದು! ಹೊರಗ ಒಯ್ರೆಪಾ, ರಸ್ತೇಕ್ಕ ಒಯ್ರಿ!"

"ಕಾಕೂ, ಹೊರಗ ಬಿಟ್ಟೀರಲ್ಲ ನಿಮ್ಮ ಚಪ್ಪಲಿ, ಅವೇನು ಬಾಳಿಎಲೀವು?" ಎಂದು ಮಾಸ್ತರರು ಅಂದರಾದರೂ, ತಾವೇ ಹ್ಯಾಂಡಲ್ಲು ಹಿಡಿದು ಗಾಡಿಯನ್ನು ಹೊರಗೆ ನೂಕಿದರು. ಕಾಮಣ್ಣ ಹಿಂದಿನಿಂದ ನೂಕಿದ. ನೂಕುತ್ತಲೇ ಅವನಿಗೆ ನಗು ಬರತೊಡಗಿತು. ಬಿಕ್ಕಳಿಕೆಯಂತೆ ಹೊಟ್ಟೆಯೊಳಗಿಂದ ಎದ್ದು ಬರುತ್ತಿದ್ದ ಅದನ್ನು ತುಟಿ ಕಚ್ಚಿ ತಡೆದುಕೊಂಡ.

ರಸ್ತೆಯ ಬೆಳಕಿನಲ್ಲಿ ಕೂತು ಹೊಸ ವಾಶರನ್ನು ಸಂದಿಗೆ ಹಿಡಿದು ನೋಡಿದ. ಕೂಡಲಿಲ್ಲ. ತೂತು ಬೇಕಾದುದಕ್ಕಿಂತ ಒಂದು ಕೂದಲೆಳೆಯಷ್ಟು ಸಣ್ಣದು, ಬೇರೆ ಯಾವುದೋ ಗಾಡಿಯದನ್ನು ಮುಂಬಯಿಯವರು ಕಳಿಸಿದ್ದರು. ಬೆಳಿಗ್ಗೆಯೂ ಹೀಗೇ ಹಿಡಿದು ನೋಡಿರಬೇಕು, ಕೂಡದ್ದು ಕಂಡು ಪಕ್ಕಕ್ಕೆ ಇಟ್ಟಿರಬೇಕು, ಪೆಟ್ಟಿಗೆಯ ತಳಕ್ಕೆ ಕೈ ಹಾಕಿರಬೇಕು. ರಬ್ಬರು ಹಾಕಿದ್ದರೆ ಪೆಟ್ರೋಲಿನಲ್ಲಿ ಉಬ್ಬಿ ಕೊಳೆಯುತ್ತಿತ್ತು. ಎಣ್ಣೆ ಕುಡಿದ ಚರ್ಮ ಉಬ್ಬುವುದಿಲ್ಲ, ಸೋರುವುದಿಲ್ಲ. ಅದೂ ಕೈಗೆ ಗೊತ್ತಿತ್ತು. ಇಷ್ಟೆಲ್ಲ ಆಗುವಾಗ ಅವನು ಎಲ್ಲಿದ್ದ? ಸಾಲೆಯಲ್ಲಿ, ಕಿಟಕಿಯ ಪಕ್ಕ, ಉತ್ತರ ಕಟ್ಟುತ್ತ. ಚರ್ಮದ ವಾಶರನ್ನೇ ತಿರುಗಿ ಹಾಕಿ ಬಿಗಿದ. ಮಾಸ್ತರರು ಕೆಳಗೆ ಕೂತು ಬಟ್ಟಲನ್ನು ಎರಡೂ ಕೈಯಿಂದ ಆನಿಸಿ ಹಿಡಿದಿದ್ದರು, ಧೋತರದ ಅಂಚು ಧೂಳಿನಲ್ಲಿತ್ತು. ಚಾವಿ ತೆಗೆದು, ಚಾಲೂ ಮಾಡಿ, ಗಾಡಿಯನ್ನು ಹಿಂದೆ ಮುಂದೆ ಜೋರಾಗಿ ಅಲುಗಾಡಿಸಿ ಇಬ್ಬರೂ ಕೆಳಗೆ ಬಗ್ಗಿ ನೋಡಿದರು. ಒಂದು ಹನಿಯೂ ಇಲ್ಲ.

"ನೀನಽ ಹಾಕಿ, ನೀನಽ ಮರತು, ನೀನಽ ಹೆದರಿ ಬಂದೀ." ಮಾಸ್ತರರು ಎದ್ದು ನಿಂತರು. "ಬೆಳಿಗ್ಗೆ ಏನ ವಿಚಾರ ಮಾಡಕೋತ ಕೆಲಸಕ್ಕ ಕೂತಿದ್ದಿಯೋ?"

ಕಾಮಣ್ಣ ಅವರ ಮುಖ ನೋಡಿದ. ಅವರಿಗೆ ನಿನ್ನೆಯದು ನೆನಪೇ ಇರಲಿಲ್ಲ, ಅಂದ ಕ್ಷಣದಲ್ಲೇ ಮರೆತಿರಬೇಕು. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ನಿಜವಾಗಿಯೂ ಮಾಡಿಕೊಳ್ಳುತ್ತಿದ್ದರು, ಅಂಥ ಮನುಷ್ಯರೇ ಅವರು. "ಏನೂ ಇಲ್ರಿ" ಎಂದ.

ಅಷ್ಟರಲ್ಲಿ ಶುಭದಾ ಓಡಿ ಬಂದು ಅಪ್ಪನ ಕೈ ಹಿಡಿದಳು. ಹಿಡಿದವಳೇ ಬಿಟ್ಟು ಮೂಗು ಮುಚ್ಚಿಕೊಂಡಳು. "ಛೀ! ಬಾಬಾ, ನಿಮ್ಮ ಕೈ ನಾರ್ತಾವ!"

"ನಾರ್ತಾವೇನು?" ಮಾಸ್ತರರು ಕೈಗಳನ್ನು ತಾವೂ ಮೂಸಿದರು, ಧೋತರಕ್ಕೆ ಒರೆಸಲು ಹೋಗಿ ತಡೆದು, ಏನು ಮಾಡಬೇಕೋ ತಿಳಿಯದೆ ಎರಡನ್ನೂ ಮೈಯಿಂದ ದೂರ ಚಾಚಿಕೊಂಡು ನಿಂತರು. ಕಾಮಣ್ಣ ತನ್ನ ಚಿಂದಿಯನ್ನು ಕೊಟ್ಟ. "ಸೋಡಾ ಹಾಕಿ ತಿಕ್ಕ್ರಿ ಮಾಸ್ತರ. ಆದ್ರೂ ಎಲ್ಲಾ ಹೋಗೂದಿಲ್ಲ, ಒಂದೆರಡ ದಿನ ಇರತೈತಿ." ಇದು ಉತ್ತರವಾಗಿರಲಿಲ್ಲ, ಬರಿಯ ಮಾಹಿತಿ. ಹೇಳಿದ ಮೇಲೆ ಅವನಿಗೆ ಬೇರೆ ಉತ್ತರಗಳು ಬೇಕೆನಿಸಲಿಲ್ಲ.

ಕುಮುದಿನಿಬಾಯಿ ಉಂಡು ಹೋಗು ಎಂದರು. ಹೊತ್ತಾಗುತ್ತದೆ ಎಂದು ಅವನು ಎರಡು ಉಂಡಿಗಳನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೊರಟ. ಇಳಿಜಾರು. ಸೈಕಲ್ಲು ತಾನೇ ಓಡುತ್ತಿತ್ತು. ಬೇವಿನ ಮರದ ಕೆಳಗೆ ಗಿರಿಮಲ್ಲಪ್ಪ, "ಸಿಕ್ಕಿತೇನೋ ನಿನ್ನ ಸಾಮಾನ?" ಎಂದು ಕೂಗಿದ. "ಬಿಟ್ಟಿದ್ದಿಲ್ರೀ, ಹಾಕಿದ್ದೆ!" ಎಂದು ಇವನೂ ಕೂಗಿದ. ಬ್ರೇಕು ಒತ್ತದೆ ಮುಂದೆ ಸಾಗಿದ. ಬಿಸಿಲು ಜೋಳದ ತೆನೆಗಳ ಮೇಲೆ ಹಳದಿಯಾಗಿ ಇಳಿಯುತ್ತಿತ್ತು. ಬೆಳಗಿನದನ್ನು ನೆನಪಿಗೆ ತರಲು ಇನ್ನೊಮ್ಮೆ ನೋಡಿದ. ಚೂರಿ, ಪಿಕ್ಕರು, ಅಡ್ಡ ಇಟ್ಟ ಬೆರಳು. ಎಷ್ಟು ತಡಕಿದರೂ ಬರಲಿಲ್ಲ. ತನಗೆ ತಿಳಿಯದೆ ಕೈ ಸರಿ ಮಾಡಿದ್ದರೆ, ತಿಳಿಯದೆ ತಪ್ಪೂ ಮಾಡಬಹುದಲ್ಲ ಎಂಬ ಯೋಚನೆ ಎದ್ದು, ಒಂದು ಗಳಿಗೆ ಜೊತೆಗೆ ಬಂದು, ಗಾಳಿಗೆ ಹಿಂದೆ ಬಿತ್ತು. ನಾಳೆ ಬರಲಿ ಅದು. ಎಬ್ಬೆರಳು ಇನ್ನೂ ಉರಿಯುತ್ತಿತ್ತು. ಹ್ಯಾಂಡಲ್ಲಿನಿಂದ ಕೈ ತೆಗೆದು ಬೆರಳನ್ನು ಬಾಯಲ್ಲಿಟ್ಟುಕೊಂಡ. ಪೆಟ್ರೋಲು, ಅದರ ಅಡಿಯಲ್ಲಿ ಹರಳೆಣ್ಣೆ. ಉಗುಳಲಿಲ್ಲ.